ಜಾಝ್ ವಾದ್ಯವೂ ನಮ್ಮ ಹಲಗೆಯೂ

ನಾದಕ್ಕೆ ಜಾತಿಯಿಲ್ಲ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಸಮಯ ಬಂದಾಗ ಹೇಳಿಯೂ ಇದ್ದೇವೆ. ನಾದದ ಮಟ್ಟಿಗೆ ಅದು ದಿಟವಾಗಿರಬಹುದು. ಆದರೆ ವಾದ್ಯಕ್ಕೆ ಜಾತಿಯುಂಟು. ವಾದ್ಯವನ್ನು ಹಿಡಿಯುವ ಕೈಗಂತೂ ಉಂಟೇ ಉಂಟು. ಮೃದಂಗಕ್ಕೂ ತೊಗಲು ಬೇಕು, ಹಲಗೆಗೂ ತೊಗಲು ಬೇಕು. ಆದರೂ ಮೊದಲನೆಯದು ವಿದ್ವತ್ಸಭೆಯ ವೇದಿಕೆಯನ್ನೇರಿತು, ಎರಡನೆಯದು ಊರ ಹೊರಗಿನ ಕೇರಿಯಲ್ಲಿ ಉಳಿಯಿತು. ಮೃದಂಗಕ್ಕೆ ತೊಗಲನ್ನು ಹದಮಾಡಿ ಬಿಗಿಯುವವರಲ್ಲಿ ದಲಿತ ಕ್ರೈಸ್ತ ಮನೆತನಗಳು ಅನೇಕವಿವೆ ಎಂಬುದನ್ನು ಟಿ. ಎಂ. ಕೃಷ್ಣ ಅವರು ೨೦೨೦ರಲ್ಲಿ ಒಂದು ಗ್ರಂಥವನ್ನೇ ಬರೆದು ತಿಳಿಸಬೇಕಾಯಿತು. ಅಲ್ಲಿಯವರೆಗೆ ನಮ್ಮಲ್ಲಿ ಎಷ್ಟು ಮಂದಿ ರಸಿಕರು ಈ ಸಂಗತಿಯನ್ನು ವಿಚಾರಿಸಿದ್ದೆವು?

ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ, ಡಾಬಕಾದಂಥ ಊರುಗಳಲ್ಲಿ, ಹಲಗೆಯೆಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಪಟ್ಟಣದ ಶ್ರೋತೃಗಳಿಗಾಗಿ ಎರಡು ಮಾತು ಹೇಳುತ್ತೇವೆ. ಅದು ದುಂಡಗಿನ ಚೌಕಟ್ಟು. ಒಂದೇ ಮುಖಕ್ಕೆ ತೊಗಲು. ಬಾರಿಸಲು ಎರಡು ಕೋಲು. ಮೈಸೂರು ಸೀಮೆಯಲ್ಲಿ ಇದಕ್ಕೆ ತಮಟೆಯೆನ್ನುವರು. ಬಾರಿಸುವ ಮೊದಲು ಹುಲ್ಲಿನ ಉರಿಗೆ ಹಿಡಿದು ಕಾಯಿಸಿದರೆ ತೊಗಲು ಬಿಗಿದು ದನಿ ತೆರೆಯುತ್ತದೆ. ಜಾತ್ರೆಗೆ ಅದೇ, ಶವಯಾತ್ರೆಗೆ ಅದೇ, ಡಂಗುರಕ್ಕೂ ಅದೇ. ಬಾರಿಸುವ ಕೈ ಸಾಮಾನ್ಯವಾಗಿ ಮಾದಿಗರದು. ಇದಕ್ಕೆ ಸಂಪ್ರದಾಯವೆಂದು ಹೆಸರು. ಆದರೆ ಬಹಳ ಕಡೆಗಳಲ್ಲಿ ಅದು ನಡೆದುಬಂದುದು ಬಿಟ್ಟಿ ಚಾಕರಿಯಾಗಿ. ದೇವರ ಮೆರವಣಿಗೆಯ ಮುಂದೆ ಬಾರಿಸಿದವನು ಅದೇ ದೇವರ ಗುಡಿಯೊಳಕ್ಕೆ ಕಾಲಿಡುವಂತಿರಲಿಲ್ಲ.

ಇಂಥ ವಾದ್ಯವನ್ನು ಕ್ರೈಸ್ತರ ಆರಾಧನೆಯೊಳಕ್ಕೆ ಕರೆಯಬಹುದೆ? ಕರೆದರೆ ಅದು ಬಾರಿಸುವವನಿಗೆ ಮಾನವೋ, ಹಳೆಯ ಅವಮಾನದ ಪುನರಾವೃತ್ತಿಯೋ? ಇಂಥದೇ ಪ್ರಶ್ನೆ ಅಮೆರಿಕದಲ್ಲಿ ಜಾಝ್ ಸಂಗೀತದ ವಿಷಯವಾಗಿ ಎದ್ದಿತ್ತು. ಅಲ್ಲಿ ನಡೆದುದನ್ನು ನೋಡಿ ಬಂದರೆ ನಮ್ಮ ಪ್ರಶ್ನೆ ಸ್ವಲ್ಪ ತಿಳಿಯಾದೀತು.

ಜಾಝ್ ಹುಟ್ಟಿದ್ದು ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರ ನಡುವೆ, ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ. ಅಲ್ಲಿನ ಕಾಂಗೊ ಚೌಕದಲ್ಲಿ ದಾಸ್ಯದ ಕಾಲದಲ್ಲಿಯೇ ಭಾನುವಾರಗಳಂದು ಆಫ್ರಿಕದ ಮದ್ದಲೆಗಳು ನುಡಿಯುತ್ತಿದ್ದುವು. ಹೊಲಗಳ ದುಡಿಮೆಯ ಕೂಗು, ಬ್ಲೂಸ್ ಎಂಬ ಅಳಲಿನ ಹಾಡು, ಬೀದಿಯ ಬ್ಯಾಂಡು, ಪ್ರಾರ್ಥನಾಮಂದಿರದ ಹಾಡು, ಇವೆಲ್ಲ ಕೂಡಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಜಾಝ್ ಎನಿಸಿಕೊಂಡಿತು. ಪಲ್ಲವಿಯೊಂದನ್ನು ಹಿಡಿದು, ಒಬ್ಬೊಬ್ಬ ವಾದಕನೂ ತನ್ನ ಸರದಿ ಬಂದಾಗ ಅದನ್ನು ಆ ಕ್ಷಣದ ಸ್ಫೂರ್ತಿಗೆ ತಕ್ಕಂತೆ ಬೆಳೆಸುವುದು ಅದರ ಜೀವಾಳ. ನಮ್ಮ ಮನೋಧರ್ಮ ಸಂಗೀತವನ್ನು ಬಲ್ಲವರಿಗೆ ಇದು ಹೊಸದಾಗಿ ತೋರಲಾರದು.

ಈ ಸಂಗೀತ ಪಾನಗೃಹಗಳಲ್ಲಿಯೂ ನೃತ್ಯಶಾಲೆಗಳಲ್ಲಿಯೂ ಬೆಳೆದುದರಿಂದ ಧರ್ಮಗುರುಗಳು ಅದನ್ನು ದೂರವಿಟ್ಟರು. ಮದ್ದಲೆ ಮಾತ್ರದಿಂದಲೇ ಬೆದರಿದವರೂ ಉಂಟು. ೧೯೦೩ರಲ್ಲಿ ಹತ್ತನೆಯ ಪಯಸ್ ಪೋಪರು ಹೊರಡಿಸಿದ ಶಾಸನದಲ್ಲಿ ಪಿಯಾನೊ, ಮದ್ದಲೆ, ತಾಳ ಮೊದಲಾದ ವಾದ್ಯಗಳು ಇಗರ್ಜಿಗೆ ಸಲ್ಲವೆಂದು ವಿಧಿಸಲಾಯಿತು. ಆದರೆ ಕರಿಯ ಜನರ ಸಭೆಗಳೊಳಗೆ ತಾಳವನ್ನು ತಡೆದು ನಿಲ್ಲಿಸುವುದು ಸುಲಭವಾಗಲಿಲ್ಲ. ಬ್ಲೂಸ್ ವಾದಕನಾಗಿದ್ದ ಥಾಮಸ್ ಡಾರ್ಸಿ ೧೯೩೦ರ ದಶಕದಲ್ಲಿ ಷಿಕಾಗೋದಲ್ಲಿ ಅದೇ ಲಯಕ್ಕೆ ಭಕ್ತಿಗೀತೆಗಳನ್ನು ಕಟ್ಟಿದನು. ಮೊದಲು ಮುಖ ತಿರುಗಿಸಿದ ಸಭೆಗಳೇ ಬರಬರುತ್ತ ಅವನ ಹಾಡುಗಳನ್ನು ತಮ್ಮವೆಂದು ಹಾಡಿದುವು.

ಸಂಗೀತಕ್ಕೂ ನ್ಯಾಯಕ್ಕೂ ಇರುವ ನಂಟು ಎಲ್ಲರ ಕಣ್ಣಿಗೂ ಕಂಡುದು ೧೯೬೩ರಲ್ಲಿ. ಆ ವರ್ಷ ಸೆಪ್ಟೆಂಬರ್ ೧೫ರ ಭಾನುವಾರ ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕರಿಯ ಜನರ ಇಗರ್ಜಿಯೊಂದನ್ನು ವರ್ಣದ್ವೇಷಿಗಳು ಸಿಡಿಮದ್ದಿನಿಂದ ಒಡೆದರು. ನಾಲ್ವರು ಬಾಲಕಿಯರು ಪ್ರಾಣಬಿಟ್ಟರು. ಸುಮಾರು ಎರಡು ತಿಂಗಳ ಬಳಿಕ ಜಾನ್ ಕೊಲ್ಟ್ರೇನ್ ಎಂಬ ಜಾಝ್ ವಾದಕ ‘ಅಲಬಾಮಾ’ ಎಂಬ ಕೃತಿಯನ್ನು ನುಡಿಸಿ ಧ್ವನಿಮುದ್ರಿಸಿದನು. ಅದರಲ್ಲಿ ಒಂದು ಮಾತೂ ಇಲ್ಲ. ಆದರೂ ಕೇಳಿದವರು ಅದನ್ನು ಚರಮಗೀತೆಯೆಂದೂ ಪ್ರಾರ್ಥನೆಯೆಂದೂ ತಿಳಿದರು. ಎರಡು ವರ್ಷಗಳ ಮೇಲೆ, ೧೯೬೫ರ ಸೆಪ್ಟೆಂಬರ್ ೧೬ರಂದು, ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೀಡ್ರಲ್ಲಿನಲ್ಲಿ ಡ್ಯೂಕ್ ಎಲಿಂಗ್ಟನ್ ತನ್ನ ಇಡೀ ವಾದ್ಯವೃಂದದೊಡನೆ ಪವಿತ್ರ ಸಂಗೀತವೆಂದು ಹೆಸರಿಟ್ಟು ಜಾಝ್ ಕಚೇರಿ ನಡೆಸಿದನು. ೧೯೪೩ರಲ್ಲಿ ತನ್ನ ಜನಾಂಗದ ಚರಿತ್ರೆಯನ್ನು ಕುರಿತು ರಚಿಸಿದ್ದ ದೊಡ್ಡ ಕೃತಿಯ ಒಂದು ಭಾಗವನ್ನು ಅವನು ಅಲ್ಲಿ ಪ್ರಾರ್ಥನೆಯಾಗಿ ನುಡಿಸಿದನು. ದಾಸ್ಯದ ಕಥೆಯಲ್ಲಿದ್ದ ಭಾನುವಾರದ ಹಾಡು ಹೀಗೆ ಪೀಠದ ಎದುರಿಗೆ ಬಂದಿತು. ಮೇರಿ ಲೂ ವಿಲಿಯಮ್ಸ್ ಎಂಬ ಪಿಯಾನೊ ವಾದಕಿ, ೧೯೬೨ರಲ್ಲಿ ಸಂತನೆಂದು ಘೋಷಿತನಾದ ಮಿಶ್ರವರ್ಣದ ಮಾರ್ಟಿನ್ ಡಿ ಪೋರೆಸನನ್ನು ಕುರಿತು ಸ್ತೋತ್ರ ರಚಿಸಿದಳು. ಅವಳ ಜಾಝ್ ಪೂಜಾಸಂಗೀತ ೧೯೭೫ರಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್ಲಿನಲ್ಲಿ ನಡೆಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ೧೯೬೬ರ ಡಿಸೆಂಬರಿನಲ್ಲಿ ಎಲಿಂಗ್ಟನ್ ವಾಷಿಂಗ್ಟನ್ ನಗರಕ್ಕೆ ಬಂದಾಗ ಅಲ್ಲಿನ ಬ್ಯಾಪ್ಟಿಸ್ಟ್ ಪಾದ್ರಿಗಳ ಸಮ್ಮೇಲನ ಅವನ ಕಚೇರಿಗೆ ಬೆಂಬಲ ಕೊಡಲು ಒಪ್ಪಲಿಲ್ಲ. ಆ ಪಾದ್ರಿಗಳೂ ಕರಿಯ ಜನರೇ. ಅವರ ದೃಷ್ಟಿಯಲ್ಲಿ ಅದು ಲೌಕಿಕರ ಸಂಗೀತ, ರಾತ್ರಿಶಾಲೆಯ ಸಂಗೀತ. ಇದನ್ನು ಸಂಕುಚಿತ ಬುದ್ಧಿಯೆಂದು ನಕ್ಕುಬಿಡುವುದು ನ್ಯಾಯವಲ್ಲ. ತಮ್ಮ ಜನರನ್ನು ಜಗತ್ತು ಕುಣಿಯುವವರೆಂದೂ ಕುಡಿಯುವವರೆಂದೂ ಹಳಿಯುತ್ತಿದ್ದಾಗ, ಅವರಿಗೆ ಮಾನವಾಗಿ ತಲೆಯೆತ್ತಲು ಒಂದು ಸ್ಥಳವನ್ನು ಕಟ್ಟಿಕೊಟ್ಟುದು ಇಗರ್ಜಿ. ಹೊರಗಿನ ಅಪವಾದ ಬಾಗಿಲು ದಾಟಿ ಒಳಕ್ಕೆ ಬರಬಾರದೆಂದು ಅವರು ಕಾವಲು ನಿಂತರೆ ಆಶ್ಚರ್ಯವೇನು?

ಈಗ ಬೀದರಿಗೆ ಹಿಂದಿರುಗೋಣ. ನಿಜಾಮರ ರಾಜ್ಯಕ್ಕೆ ಸೇರಿದ್ದ ಈ ಸೀಮೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸುವಾರ್ತೆಯನ್ನು ತಂದವರು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನವರು. ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಹುಮಂದಿ ಮಾದಿಗರು. ಕಳಿಸಿದ ಸಭೆಯ ಚರಿತ್ರೆಯೇನು ನಿಷ್ಕಳಂಕವಾಗಿರಲಿಲ್ಲ. ದಾಸ್ಯದ ಪ್ರಶ್ನೆಯ ಮೇಲೆ ೧೮೪೪ರಲ್ಲಿ ಆ ಸಭೆ ಇಬ್ಭಾಗವಾಗಿತ್ತು. ೧೯೩೯ರಲ್ಲಿ ಮತ್ತೆ ಒಂದಾದಾಗ ಕರಿಯ ಜನರ ಸಭೆಗಳನ್ನು ಬೇರೊಂದು ಆಡಳಿತ ವಿಭಾಗವಾಗಿ ಪ್ರತ್ಯೇಕಿಸಿದರು. ಆ ವಿಭಾಗ ರದ್ದಾದುದು ೧೯೬೮ರಲ್ಲಿ. ಹೀಗೆ ಬೀದರಿನ ಮಾದಿಗನನ್ನು ಸಹೋದರನೆಂದು ಕರೆದ ಸಭೆಯೇ ತನ್ನ ದೇಶದಲ್ಲಿ ಕರಿಯ ಸಹೋದರನನ್ನು ಬೇರೆ ಪಂಕ್ತಿಯಲ್ಲಿ ಕೂಡಿಸಿತ್ತು. ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರವಾದುದು ೧೯೮೧ರಲ್ಲಿ.

ದಕ್ಷಿಣ ದೇಶದಲ್ಲಿ ಕೇರಿ ಕೇರಿಯೇ ಕ್ರೈಸ್ತವಾದ ಆ ಕಾಲದಲ್ಲಿ ಹೊಸ ವಿಶ್ವಾಸಿಗಳಿಂದ ಮಿಷನರಿಗಳು ಅಪೇಕ್ಷಿಸಿದ ಕಟ್ಟಳೆಗಳಲ್ಲಿ ಎರಡು ಮುಖ್ಯವಾದುವು: ಸತ್ತ ದನದ ಮಾಂಸವನ್ನು ಬಿಡಬೇಕು, ಊರ ಹಬ್ಬಗಳಲ್ಲಿ ವಾದ್ಯ ಬಾರಿಸುವುದನ್ನು ಬಿಡಬೇಕು. ಇದನ್ನು ಪರದೇಶಿಯರು ನಮ್ಮ ಕಲೆಯ ಮೇಲೆ ನಡೆಸಿದ ದಾಳಿಯೆಂದು ಇಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯದ ಅಂಶವಿದೆ, ಪೂರ್ಣ ಸತ್ಯವಿಲ್ಲ. ಹಲಗೆಯನ್ನು ಕೆಳಗಿಟ್ಟವನು ಅದರೊಡನೆ ಬಿಟ್ಟಿಯನ್ನೂ ಕೆಳಗಿಟ್ಟನು. ಗೌಡನ ಮನೆಯಿಂದ ಕರೆ ಬಂದಾಗ ‘ನಾವು ಇನ್ನು ಬಾರಿಸುವುದಿಲ್ಲ’ ಎನ್ನಲು ಅವನಿಗೊಂದು ಕಾರಣ ದೊರೆಯಿತು, ಬೆನ್ನಿಗೊಂದು ಸಭೆ ದೊರೆಯಿತು. ಅವನ ಮಟ್ಟಿಗೆ ಹಲಗೆಯ ಮೌನವೇ ಬಿಡುಗಡೆಯ ಮೊದಲ ದನಿ. ವಾಷಿಂಗ್ಟನ್ನಿನ ಪಾದ್ರಿಗಳ ಮನಸ್ಸೂ ಬೀದರಿನ ಹಿರಿಯ ವಿಶ್ವಾಸಿಯ ಮನಸ್ಸೂ ಇಲ್ಲಿ ಒಂದೇ.

ಆದರೆ ತೆರವಾದ ಜಾಗದಲ್ಲಿ ಬಂದುದು ಏನು? ಹಾರ್ಮೋನಿಯಮ್ಮು, ವಿಲಾಯತಿಯ ಧಾಟಿಗಳು, ಅವುಗಳಿಗೆ ಹೊಂದಿಸಿದ ಕನ್ನಡ ಪದಗಳು. ನಮ್ಮ ನಾಡಿನ ರೀತಿಯನ್ನು ಹಿಡಿಯಲು ಯತ್ನಿಸಿದವರು ಇಲ್ಲದಿಲ್ಲ. ನಿಘಂಟುಕಾರ ಕಿಟ್ಟೆಲ್ ಅವರು ೧೮೬೨ರಲ್ಲಿಯೇ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಬರೆದರು. ಆದರೆ ಅವರು ಆರಿಸಿಕೊಂಡುದು ಓದುಬರಹ ಬಲ್ಲವರ ಕಾವ್ಯದ ದಾರಿ. ಸಭೆಯಲ್ಲಿ ಕುಳಿತ ಬಹುಜನರ ಮೈಯಲ್ಲಿದ್ದ ತಾಳಕ್ಕೆ ಕರೆ ಬರಲಿಲ್ಲ.

ಆ ಕರೆಯನ್ನು ಕೊಟ್ಟವರಲ್ಲಿ ಪಕ್ಕದ ತಮಿಳುನಾಡಿನ ಥಿಯೋಫಿಲಸ್ ಅಪ್ಪಾವು ಅವರ ಹೆಸರು ಮೊದಲು ಬರುತ್ತದೆ. ೧೯೪೦ರಲ್ಲಿ ಹುಟ್ಟಿ ೨೦೦೫ರಲ್ಲಿ ತೀರಿಕೊಂಡ ಇವರು ಮಧುರೆಯ ದೇವಶಾಸ್ತ್ರ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಜನಪದ ಧಾಟಿಯಲ್ಲಿ ಆರಾಧನಾಕ್ರಮವನ್ನೇ ರಚಿಸಿ, ಹಲಗೆಯ ಒಡಹುಟ್ಟಾದ ಪರೈ ವಾದ್ಯಕ್ಕೆ ಅದರಲ್ಲಿ ಸ್ಥಾನ ಕೊಟ್ಟರು. ಅವರ ಬೋಧನೆಯಲ್ಲಿ ವಾದ್ಯದೊಡನೆ ಇನ್ನೊಂದು ವಸ್ತುವೂ ಇತ್ತು: ಒಂದೇ ಮಡಕೆ. ಎಲ್ಲರೂ ಒಂದೇ ಮಡಕೆಯಲ್ಲಿ ಅಟ್ಟು ಉಣ್ಣದೆ ಪ್ರಭುಭೋಜನಕ್ಕೆ ಅರ್ಥವಿಲ್ಲವೆಂದು ಅವರ ಮತ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಸತ್ಯನಾಥನ್ ಕ್ಲಾರ್ಕ್ ಅವರು ೧೯೯೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಪರೈಯ ನಾದದಲ್ಲಿಯೇ ಆ ಜನರ ದೈವಾನುಭವ ಅಡಗಿದೆಯೆಂದು ವಾದಿಸಿದರು.

ಕನ್ನಡನಾಡಿನಲ್ಲಿ ಈ ವಾದ್ಯಕ್ಕೆ ಹೊಸ ಅರ್ಥ ಬಂದುದು ಇಗರ್ಜಿಯ ಹೊರಗೆ. ೧೯೭೦ರ ದಶಕದ ದಲಿತ ಚಳವಳಿಯ ಸಭೆಗಳಲ್ಲಿ ಹೋರಾಟದ ಹಾಡುಗಳೊಡನೆ ತಮಟೆಯೂ ಹಲಗೆಯೂ ನುಡಿದುವು. ಅಂದು ಬಾರಿಸಿದವನು ಯಾರ ಅಪ್ಪಣೆಯಿಂದಲೂ ಬಾರಿಸಲಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ೨೦೨೩ರಲ್ಲಿ ಪದ್ಮಶ್ರೀ ದೊರೆಯಿತು. ಇನ್ನೂ ಹಿಂದಕ್ಕೆ ಹೋದರೆ, ಬೀದರ ಸೀಮೆಯಲ್ಲಿಯೇ ಇರುವ ಕಲ್ಯಾಣದ ಶರಣರಲ್ಲಿ ಡಕ್ಕೆಯ ಬೊಮ್ಮಣ್ಣನೆಂಬ ವಚನಕಾರನಿದ್ದನು. ಡಕ್ಕೆಯೂ ಒಂದು ಚರ್ಮವಾದ್ಯವೇ; ಆ ಕಾಯಕವನ್ನು ಅವನು ಹೆಸರಿನಲ್ಲಿ ಮುಚ್ಚಿಡಲಿಲ್ಲ. ವಾದ್ಯಕ್ಕೆ ಮಾತ್ರ ಜಾಗ ಕೊಟ್ಟು ವಾದಕನನ್ನು ಹೊರಗೆ ನಿಲ್ಲಿಸುವುದು ಶರಣರ ದಾರಿಯಾಗಿರಲಿಲ್ಲ.

ನಮ್ಮ ವಿಷಯದ ತಿರುಳು ಇಲ್ಲಿಯೇ ಇದೆ. ನಾದವನ್ನು ಒಳಗೆ ಬಿಡುವುದು ಸುಲಭ, ನುಡಿಸುವವನನ್ನು ಒಳಗೆ ಬಿಡುವುದು ಕಷ್ಟ. ಜಾಝ್ ಕೇಳಿ ತಲೆದೂಗಿದ ಎಷ್ಟೋ ಮಂದಿ ಬಿಳಿಯರು ವಾದಕನಿಗೆ ತಮ್ಮ ಬೀದಿಯಲ್ಲಿ ಮನೆ ಕೊಡಲಿಲ್ಲ. ನಮ್ಮಲ್ಲಿಯೂ ವರ್ಷಕ್ಕೊಮ್ಮೆ ಹಬ್ಬದ ದಿನ ಹಲಗೆಯನ್ನು ತರಿಸಿ, ಚಿತ್ರ ತೆಗೆದು, ನಾಡಿನ ಸಂಸ್ಕೃತಿಗೆ ಮರ್ಯಾದೆ ಸಲ್ಲಿಸಿದೆವೆಂದು ತೃಪ್ತಿಪಟ್ಟರೆ ಅದರಿಂದ ಬಂದ ಲಾಭವೇನು? ಆ ಮನುಷ್ಯ ಸಭೆಯ ಹಿರಿಯರಲ್ಲೊಬ್ಬನಾಗಿ ಕೂರಬಲ್ಲನೆ, ಅವನ ಮನೆಯೊಡನೆ ಹೆಣ್ಣುಗಂಡಿನ ಸಂಬಂಧ ಬೆಳೆದೀತೆ ಎಂದು ಕೇಳಬೇಕು. ಕಾನೂನಿನ ತೊಡಕೊಂದೂ ಇದೆ. ೧೯೫೦ರ ಪರಿಶಿಷ್ಟ ಜಾತಿಗಳ ಆಜ್ಞೆ ಹಿಂದೂಗಳಿಗೆ ಸೀಮಿತವಾಗಿ ಹೊರಟಿತು, ೧೯೫೬ರಲ್ಲಿ ಸಿಖ್ಖರೂ ೧೯೯೦ರಲ್ಲಿ ಬೌದ್ಧರೂ ಅದರೊಳಗೆ ಸೇರಿದರು, ಕ್ರೈಸ್ತರು ಸೇರಲಿಲ್ಲ. ಮತ ಬದಲಾದೊಡನೆ ಜಾತಿ ಕಳೆದುಹೋಯಿತೆಂದು ಕಾಗದ ಹೇಳುತ್ತದೆ; ಊರು ಹಾಗೆ ಹೇಳುವುದಿಲ್ಲ.

ಆದುದರಿಂದ ಹಲಗೆ ಆರಾಧನೆಗೆ ಬರಬೇಕೆ ಬೇಡವೆ ಎಂಬ ತೀರ್ಮಾನ ನಮ್ಮಂಥ ಪಟ್ಟಣದ ಓದುಬಲ್ಲವರದಲ್ಲ. ಅದನ್ನು ಹೆಗಲಿಗೇರಿಸಿ ನೊಂದವರ ಮಕ್ಕಳು ನಿಶ್ಚಯಿಸತಕ್ಕದ್ದು. ಡಾಬಕಾದಂಥ ಊರಿನ ಹಿರಿಯನೊಬ್ಬನು ‘ಬೇಡ’ವೆಂದರೆ ಆ ಮೌನಕ್ಕೆ ತಲೆಬಾಗೋಣ. ಅವನ ಮೊಮ್ಮಗನು ‘ಬೇಕು’ ಎಂದು, ಹುಲ್ಲಿನ ಉರಿಗೆ ತೊಗಲನ್ನು ಕಾಯಿಸಿ, ತಾನಾಗಿಯೇ ಒಳಗೆ ಬಂದರೆ, ಬಾಗಿಲಲ್ಲಿ ಅವನನ್ನು ತಡೆಯದಿರೋಣ. ಆರಾಧನೆ ಮುಗಿದ ಮೇಲೆ ಊಟಕ್ಕೆ ಕುಳಿತಾಗ ಅವನು ನಮ್ಮ ಪಂಕ್ತಿಯಲ್ಲಿಯೇ ಇರುವನೋ ಎಂದು ಒಮ್ಮೆ ಸುತ್ತ ನೋಡುವುದು ಮಾತ್ರ ನಮಗೆ ಉಳಿದ ಕೆಲಸ.