ಆಟದ ನಿಯಮ ಬರೆದವರು ಯಾರು?

ನಮ್ಮ ಕರಾವಳಿಯಲ್ಲಿ "ರಾತ್ರಿ ಆಟಕ್ಕೆ ಹೋಗೋಣ" ಎಂದರೆ ಅದು ಯಕ್ಷಗಾನವೇ. ರಾಜರು, ರಾಕ್ಷಸರ ನಡುವೆ ಹಾಸ್ಯಗಾರ ಬಂದು ನಗಿಸುತ್ತಾ ಊರಿನ ಹುಳುಕನ್ನೂ ಎತ್ತಿ ಆಡಿ ಹೋಗುತ್ತಾನೆ. ಚುರುಕು ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ಇನ್ನು ಅಜ್ಜಿಯರ ಕಾಲದ ಪರಮಪದ ಸೋಪಾನ ಪಟ. ಅಲ್ಲಿ ಸದ್ಗುಣ ಏಣಿಯಾಗಿ ಮೇಲೇರಿಸಿದರೆ, ದುರ್ಗುಣ ಹಾವಾಗಿ ಕೆಳಗಿಳಿಸುತ್ತದೆ. ಆಟವೊಂದರಲ್ಲಿ ಮನರಂಜನೆಯೂ ವಿಚಾರವೂ ಒಟ್ಟಿಗೆ ಇರಬಹುದೆಂಬುದು ನಮಗೆ ಹೊಸತೇನಲ್ಲ. ಆದರೆ ಮಕ್ಕಳು ವಿಡಿಯೋ ಗೇಮ್ ಮುಂದೆ ಕುಳಿತ ತಕ್ಷಣ ಇದೆಲ್ಲ ಮರೆತುಹೋಗಿ, "ಸಾಕು, ಏಳು ಮೇಲೆ" ಎಂಬ ಮಾತೊಂದೇ ನಮ್ಮ ಬಾಯಲ್ಲಿ ಬರುತ್ತದೆ!

ವಿಡಿಯೋ ಗೇಮ್‌ಗಳು ಹುಟ್ಟಿದ್ದು ಮನರಂಜನೆಗಾಗಿಯೇ, ಸಂದೇಹವಿಲ್ಲ. 1972ರ 'ಪಾಂಗ್'‌ನಲ್ಲಿ ಇದ್ದದ್ದು ಎರಡು ಗೆರೆ, ಒಂದು ಚುಕ್ಕೆ. 1978ರಲ್ಲಿ ಜಪಾನಿನಿಂದ 'ಸ್ಪೇಸ್ ಇನ್‌ವೇಡರ್ಸ್', 1980ರಲ್ಲಿ 'ಪ್ಯಾಕ್‌ಮನ್' ಬಂದವು. ಸ್ಪೇಸ್ ಇನ್‌ವೇಡರ್ಸ್‌ನ ಒಂದು ವಿಶೇಷವನ್ನು ಗಮನಿಸಿ. ಅದರಲ್ಲಿ ಕೊನೆಯ ಗೆಲುವು ಎಂಬುದೇ ಇಲ್ಲ. ಒಂದು ದಂಡನ್ನು ಮುಗಿಸಿದರೆ ಇನ್ನೊಂದು ದಂಡು ಬರುತ್ತದೆ. ನೀವು ಎಷ್ಟು ಹೊತ್ತು ಸೋಲದೆ ಉಳಿಯುತ್ತೀರಿ ಎಂಬುದಷ್ಟೇ ಲೆಕ್ಕ. ಅಂಗಡಿಯಲ್ಲಿಟ್ಟ ಯಂತ್ರಕ್ಕೆ ಮುಂದಿನ ನಾಣ್ಯ ಬೀಳಬೇಕಾದರೆ ಆಟ ಮುಗಿಯಲೇಬೇಕಲ್ಲವೇ? ಅಂದರೆ ಬರೀ ಮನರಂಜನೆಯ ಆಟದ ನಿಯಮಗಳ ಹಿಂದೆಯೂ ಯಾರದೋ ಒಂದು ಉದ್ದೇಶ ಇದ್ದೇ ಇರುತ್ತದೆ.

ಪ್ರೋಗ್ರಾಂ ಬರೆಯುವವರಿಗೆ ಇದು ಸಹಜವಾಗಿ ಕಾಣುವ ಸಂಗತಿ. ಗೇಮ್ ಎಂದರೆ ಒಳಗಡೆ "ಹೀಗೆ ಮಾಡಿದರೆ ಹಾಗೆ ಆಗಲಿ" ಎಂಬ ಸಾವಿರಾರು ಸಾಲುಗಳು. ಯಾವುದಕ್ಕೆ ಅಂಕ, ಯಾವುದಕ್ಕೆ ದಂಡ, ಯಾವುದು ಲೆಕ್ಕಕ್ಕೇ ಇಲ್ಲ ಎಂಬುದನ್ನು ಯಾರೋ ಕುಳಿತು ತೀರ್ಮಾನಿಸಿರುತ್ತಾರೆ. ಕಾದಂಬರಿ ಹೇಳುತ್ತದೆ, ಸಿನಿಮಾ ತೋರಿಸುತ್ತದೆ. ಗೇಮ್ ಮಾತ್ರ ನಿಮ್ಮ ಕೈಯಿಂದಲೇ ಮಾಡಿಸುತ್ತದೆ. ಆದ್ದರಿಂದ ಗೇಮ್ ಸಮಾಜವನ್ನು ವಿಮರ್ಶಿಸುವ ರೀತಿಯೂ ಬೇರೆಯೇ.

ಇದಕ್ಕೊಂದು ಒಳ್ಳೆಯ ಉದಾಹರಣೆ, ಲೂಕಸ್ ಪೋಪ್ ಎಂಬ ಅಮೆರಿಕನ್ ಒಬ್ಬರೇ ರೂಪಿಸಿ 2013ರಲ್ಲಿ ಹೊರತಂದ 'ಪೇಪರ್ಸ್, ಪ್ಲೀಸ್'. ಇದರಲ್ಲಿ ಆಟಗಾರ ಸೈನಿಕನಲ್ಲ, ರಾಜಕುಮಾರನೂ ಅಲ್ಲ. 1982ರಲ್ಲಿ, ಆರ್‌ಸ್ಟೋಟ್ಜ್‌ಕಾ ಎಂಬ ಕಾಲ್ಪನಿಕ ದೇಶದ ಗಡಿಯಲ್ಲಿ ಕುಳಿತ ಇಮಿಗ್ರೇಷನ್ ಗುಮಾಸ್ತ. ಪಾಸ್‌ಪೋರ್ಟ್ ನೋಡಬೇಕು, ತಾರೀಖು ತಾಳೆ ಹಾಕಬೇಕು, ಮುದ್ರೆ ಒತ್ತಬೇಕು. ಎಷ್ಟು ಜನರ ಕಾಗದ ನೋಡಿದಿರೋ ಅಷ್ಟೇ ಸಂಬಳ. ತಪ್ಪಾದರೆ ಮೊದಲು ಎಚ್ಚರಿಕೆ, ಆಮೇಲೆ ದಂಡ. ಸಂಜೆ ಆ ಹಣದಲ್ಲೇ ಮನೆಯ ಬಾಡಿಗೆ, ಊಟ, ಚಳಿಗೆ ಬೆಂಕಿ, ಕಾಯಿಲೆ ಬಿದ್ದವರಿಗೆ ಔಷಧ. ಒಂದು ದಿನ ಸರಿಯಾದ ಕಾಗದವಿರುವ ಗಂಡ ದಾಟುತ್ತಾನೆ, ಹಿಂದೆ ಬರುವ ತನ್ನ ಹೆಂಡತಿಯ ಮೇಲೆ ಕರುಣೆಯಿರಲಿ ಎಂದು ಕೇಳಿಕೊಳ್ಳುತ್ತಾನೆ. ಆಕೆಯ ಬಳಿ ಪ್ರವೇಶಪತ್ರವಿಲ್ಲ. ಬಿಟ್ಟರೆ ನಿಮ್ಮ ಲೆಕ್ಕಕ್ಕೆ ಒಂದು ತಪ್ಪು. ಬಿಡದಿದ್ದರೆ?

ನಾವೆಲ್ಲ ಕೌಂಟರಿನ ಈಚೆ ಕಡೆ, ಕೈಯಲ್ಲಿ ಕಾಗದ ಹಿಡಿದು ನಿಂತವರೇ. ಆಚೆ ಕುಳಿತವನು ಯಾಕೆ ಮುಖ ಎತ್ತಿಯೂ ನೋಡುವುದಿಲ್ಲ ಎಂದು ಒಳಗೊಳಗೇ ಬೈದುಕೊಂಡವರೂ ಇದ್ದೇವೆ. ಈ ಆಟದಲ್ಲಿ ಸ್ವಲ್ಪ ಹೊತ್ತಿಗೇ ನೀವೂ ಮುಖ ನೋಡುವುದನ್ನು ನಿಲ್ಲಿಸಿ ಬರೀ ತಾರೀಖು ನೋಡತೊಡಗುತ್ತೀರಿ. ಒಳ್ಳೆಯವನೊಬ್ಬ ವ್ಯವಸ್ಥೆಯೊಳಗೆ ಕಲ್ಲಾಗುವುದು ಹೇಗೆಂದು ಇಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಸಂಬಳದ ನಿಯಮವೇ ಆ ಕೆಲಸ ಮಾಡಿಬಿಡುತ್ತದೆ. (ಈ ಆಟ ದೊಡ್ಡವರಿಗೆ, ಚಿಕ್ಕ ಮಕ್ಕಳಿಗಲ್ಲ.)

ಆದರೆ ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ವಿಮರ್ಶೆ ತಲುಪುತ್ತದೆ ಎಂದೇನಿಲ್ಲ. ಕಂಪ್ಯೂಟರಿಗಿಂತ ಹಳೆಯ ಕತೆಯೊಂದು ಇದನ್ನು ಚೆನ್ನಾಗಿ ಹೇಳುತ್ತದೆ. ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕನ್ ಮಹಿಳೆ 1904ರಲ್ಲಿ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಹಲಗೆ ಆಟಕ್ಕೆ ಪೇಟೆಂಟ್ ಪಡೆದರು. ಭೂಮಿಯೆಲ್ಲ ಕೆಲವರ ಕೈ ಸೇರಿದರೆ ಉಳಿದವರು ಬಾಡಿಗೆ ಕಟ್ಟಿಯೇ ದಿವಾಳಿಯಾಗುತ್ತಾರೆ ಎಂದು ಆಡಿಸಿಯೇ ತೋರಿಸುವುದು ಅವರ ಗುರಿಯಾಗಿತ್ತು. ಆ ಆಟ ಕೈಯಿಂದ ಕೈಗೆ ದಾಟುತ್ತಾ, 1935ರಲ್ಲಿ 'ಮೊನೊಪಲಿ' ಎಂಬ ಹೆಸರಿನಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಯಿಂದ ಮಾರುಕಟ್ಟೆಗೆ ಬಂತು. ನಾವು ಬೇಸಿಗೆ ರಜೆಯಲ್ಲಿ ಬಾಂಬೆ, ಕಲ್ಕತ್ತಾ ಕೊಂಡು ಮಾರಿ ಆಡಿದ 'ಬಿಸಿನೆಸ್' ಆಟ ಇದರ ಸಂತಾನವೇ. ಅಣ್ಣ-ತಂಗಿಯರನ್ನು ದಿವಾಳಿ ಮಾಡಿ ಕುಣಿದದ್ದು ನೆನಪಿದೆಯೇ? ವಿಮರ್ಶೆಯಾಗಿ ಹುಟ್ಟಿದ ಆಟ ಕೊನೆಗೆ ದುರಾಸೆಯ ಸಂಭ್ರಮವಾಗಿ ಉಳಿಯಿತು!

ನಮ್ಮಂಥ ಸೇವಾಸಂಸ್ಥೆಗಳಿಗೆ ಇನ್ನೂ ಹತ್ತಿರದ ಉದಾಹರಣೆ 'ಸ್ಪೆಂಟ್'. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಮನೆಯಿಲ್ಲದವರ ನಡುವೆ ಕೆಲಸ ಮಾಡುವ 'ಅರ್ಬನ್ ಮಿನಿಸ್ಟ್ರೀಸ್ ಆಫ್ ಡರಮ್' ಎಂಬ ಸಂಸ್ಥೆಗಾಗಿ ಮೆಕಿನ್ನಿ ಎಂಬ ಜಾಹೀರಾತು ಕಂಪನಿ 2011ರಲ್ಲಿ ಇದನ್ನು ಮಾಡಿಕೊಟ್ಟಿತು. ನಿಮಗೆ ಕೆಲಸ ಹೋಗಿದೆ, ಕೈಯಲ್ಲಿ ಉಳಿದಿರುವುದು 1,000 ಡಾಲರ್. ಒಂದು ತಿಂಗಳು ತಳ್ಳಬೇಕು. ಕೆಲಸದ ಜಾಗಕ್ಕೆ ಹತ್ತಿರ ಮನೆ ಮಾಡಿದರೆ ಬಾಡಿಗೆ ಹೆಚ್ಚು, ದೂರ ಮಾಡಿದರೆ ಪೆಟ್ರೋಲ್ ಖರ್ಚು. ಆರೋಗ್ಯ ವಿಮೆ ಬೇಕೋ ಬೇಡವೋ? ಮಗುವಿನ ಶಾಲೆಯ ಖರ್ಚಿಗೆ ಏನು ಮಾಡುವುದು? ತಿಂಗಳು ಮುಗಿಯುವ ಮೊದಲೇ ಹಲವರ ಕೈ ಬರಿದಾಗುತ್ತದೆ.

ಇದನ್ನು ಆಡಿದವರಿಗೆ ಬಡವರ ಬಗ್ಗೆ ಅನುಕಂಪ ಹೆಚ್ಚುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಆಡಿದವರ ಮನೋಭಾವ ಒಟ್ಟಾರೆ ಸುಧಾರಿಸಲಿಲ್ಲ. ಕೆಲವರಲ್ಲಿ ಇನ್ನಷ್ಟು ಬಿಗಿಯಾಯಿತು. ಕಾರಣ ಯೋಚಿಸಬೇಕಾದದ್ದು. ಗೇಮ್‌ನಲ್ಲಿ ಪ್ರತಿ ಹೆಜ್ಜೆಯೂ ಆಟಗಾರನ ಆಯ್ಕೆ. ಹಾಗಾಗಿ ಬಡತನವೂ ಆಯ್ಕೆಗಳ ಫಲ, ಜಾಣತನದಿಂದ ಆಡಿದರೆ ಪಾರಾಗಬಹುದು ಎಂಬ ಭಾವನೆ ತಾನಾಗಿಯೇ ಬರುತ್ತದೆ. "ನಾನು ತಿಂಗಳು ತಳ್ಳಿದೆನಲ್ಲ, ಅವರಿಗೇನು ಕಷ್ಟ?" ಮಾತಿನಲ್ಲಿ ಹೇಳಹೊರಟದ್ದು ಒಂದು, ನಿಯಮ ಕಲಿಸಿದ್ದು ಇನ್ನೊಂದು.

ಗೇಮ್‌ಗಳಿಂದ ಪ್ರಯೋಜನವಿಲ್ಲ ಎಂಬುದು ಇದರ ಅರ್ಥವಲ್ಲ. ಪೇಪರ್ಸ್, ಪ್ಲೀಸ್ ನಿಮ್ಮ ಆಯ್ಕೆಗಳ ಸುತ್ತಲಿನ ಗೋಡೆಯನ್ನೂ ತೋರಿಸುತ್ತದೆ, ಅದರ ಬಲ ಅಲ್ಲಿದೆ. ನಾವು ಮಾಡಬಹುದಾದ ಕೆಲಸ ಸುಲಭ. ಮಕ್ಕಳು ಆಡುವಾಗ ಒಂದರ್ಧ ಗಂಟೆ ಪಕ್ಕದಲ್ಲಿ ಕುಳಿತು ಕೇಳಿ: ಇದರಲ್ಲಿ ಅಂಕ ಬರುವುದು ಯಾವುದಕ್ಕೆ? ಏನು ಮಾಡಿದರೂ ಗೆಲ್ಲಲಾಗದವರು ಯಾರಾದರೂ ಇದ್ದಾರೆಯೇ? ಈ ನಿಯಮ ಯಾರಿಗೆ ಲಾಭ? ಹದಿನಾಲ್ಕರ ಹುಡುಗ ಇದಕ್ಕೆ ಕೊಡುವ ಉತ್ತರ ನಮ್ಮನ್ನು ಬೆರಗಾಗಿಸಬಹುದು.

ಇದೇ ಪ್ರಶ್ನೆಗಳನ್ನು ಚೆಕ್ ಬರೆಯುವಾಗಲೂ ಕೇಳಿಕೊಳ್ಳಬಹುದು. ಶಾಲೆ ಬಿಟ್ಟ ಹುಡುಗಿಯ ಬಗ್ಗೆ ಓದಿದಾಗ "ಯಾಕೆ ಬಿಟ್ಟಳು?" ಎನ್ನುವುದಕ್ಕಿಂತ, ಅವಳ ಮುಂದೆ ಇದ್ದ ದಾರಿಗಳು ಎಷ್ಟು ಎಂದು ಕೇಳುವುದು ನ್ಯಾಯ. ನಾವು ಕೊಡುವ ಹಣ ಅವಳ ಬದಲು ಆಟ ಆಡುವುದಿಲ್ಲ, ಆಡುವುದು ಅವಳೇ. ಫೀಸೋ ಊಟವೋ ಎಂದು ಆರಿಸಬೇಕಾದ ಒಂದು ಕೆಟ್ಟ ನಿಯಮವನ್ನು ಅದು ಅಳಿಸಬಲ್ಲದು, ಅಷ್ಟೆ. ಗೇಮ್‌ನಲ್ಲಿ ಸೋತವರಿಗೆ ಮತ್ತೆ ಮೊದಲಿನಿಂದ ಶುರುಮಾಡುವ ಗುಂಡಿಯೊಂದು ಇರುತ್ತದೆ. ಅವಳಿಗೆ ಅದಿಲ್ಲ.