ಓಕುಳಿಯ ಕೆಂಪಿಗೆ ಭೇದವುಂಟೆ?

ಫಾಲ್ಗುಣ ಮಾಸವು ಬಂದಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿಯ ಸಡಗರ. ಎಲೆ ಉದುರಿಸಿ ನಿಂತ ಮುತ್ತುಗದ ಮರಗಳು ಕೆಂಡದಂತಹ ಹೂಗಳನ್ನು ಹೊತ್ತು ವಸಂತದ ಆಗಮನವನ್ನು ಸಾರುತ್ತವೆ. ಹುಣ್ಣಿಮೆಯ ರಾತ್ರಿ ಹಲಗೆಯ ನಾದದ ನಡುವೆ ಕಾಮದಹನ. ಮನೆಮನೆಗಳಲ್ಲಿ ಹೋಳಿಗೆಯ ಊಟ. ಮಹಾರಾಷ್ಟ್ರದ ರೂಢಿಯಂತೆ ಬಹುಳ ಪಂಚಮಿಯಂದು ರಂಗಪಂಚಮಿ. ಭಾಷೆಯಿಂದ ಕನ್ನಡಿಗರೂ ನೆಲದಿಂದ ಮಹಾರಾಷ್ಟ್ರದವರೂ ಆದ ನಾವು ಎರಡು ಸಂಪ್ರದಾಯಗಳನ್ನೂ ಪ್ರೀತಿಯಿಂದ ಉಳಿಸಿಕೊಂಡು ಬಂದಿದ್ದೇವೆ.

ನಮ್ಮ ಹಿರಿಯರು ಬಣ್ಣಕ್ಕಾಗಿ ಅಂಗಡಿಯನ್ನು ಅರಸಿದವರಲ್ಲ. ಮುತ್ತುಗದ ಹೂಗಳನ್ನು ನೀರಿನಲ್ಲಿ ಕುದಿಸಿದರೆ ಹೊಂಬಣ್ಣದ ರಂಗು ದೊರೆಯುತ್ತದೆ. ಅರಿಸಿನದ ನೀರಿಗೆ ತುಸು ಸುಣ್ಣದ ತಿಳಿಯನ್ನು ಬೆರೆಸಿದರೆ ಕೆಂಪಾದ ಓಕುಳಿ ಸಿದ್ಧ. ಇದರಲ್ಲಿ ಮಾಯೆಯೇನೂ ಇಲ್ಲ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ದ್ರವ್ಯವು ಆಮ್ಲದಲ್ಲಿ ಹಳದಿಯಾಗಿಯೇ ಉಳಿದು ಕ್ಷಾರದಲ್ಲಿ ಕೆಂಪಾಗುತ್ತದೆ. ಬಟ್ಟೆಯ ಮೇಲಿನ ಅರಿಸಿನದ ಕಲೆಗೆ ಸಾಬೂನು ತಾಗಿದೊಡನೆ ಕೆಂಪಾಗುವುದೂ ಈ ಕಾರಣದಿಂದಲೇ. ಅರಿಸಿನ ಸವರಿದ ಕಾಗದದಿಂದ ನಾವು ಶಾಲೆಯ ಮಕ್ಕಳಿಗೆ ಕ್ಷಾರವನ್ನು ಗುರುತಿಸುವ ವಿಧಾನವನ್ನು ಕಲಿಸುತ್ತೇವೆ. ಆದರೆ ಸುಣ್ಣವು ಕಣ್ಣಿಗೆ ಅಪಾಯಕಾರಿ. ಆದುದರಿಂದ ಚಿಕ್ಕ ಮಕ್ಕಳ ಕೈಗೆ ಮುತ್ತುಗದ ನೀರೇ ಲೇಸು.

ಸಂಪ್ರದಾಯದ ಕುಂಕುಮವೂ ಹೀಗೆಯೇ ಹುಟ್ಟುತ್ತದೆಂಬುದನ್ನು ವಾಚಕರು ಗಮನಿಸಬೇಕು. ಅರಿಸಿನಕ್ಕೆ ಕ್ಷಾರವು ಕೂಡಿದಾಗಲೇ ಆ ಕೆಂಪು ಮೂಡುವುದು. ಸಾಂಗಲಿಯ ಪೇಟೆಯಿಂದ ಬಂದ ಒಂದೇ ಅರಿಸಿನವು ಅಡಿಗೆಗೂ ಒದಗುತ್ತದೆ, ಓಕುಳಿಗೂ ಒದಗುತ್ತದೆ, ಹಣೆಯ ಕುಂಕುಮಕ್ಕೂ ಒದಗುತ್ತದೆ. ತಾನು ಯಾರ ಕೈಯಲ್ಲಿದ್ದೇನೆ, ಯಾರ ಹಣೆಯನ್ನು ಸೇರುತ್ತೇನೆ ಎಂದು ಅರಿಸಿನವು ಕೇಳುವುದಿಲ್ಲ. ಕೇಳುವವರು ನಾವು.

ರಂಗಪಂಚಮಿಯಂದು ಊರೆಲ್ಲ ಒಂದೇ ಬಣ್ಣವಾಯಿತೆಂದು ನಾವು ಹೆಮ್ಮೆಪಡುತ್ತೇವೆ. ಅಂದು ಒಡೆಯನಿಗೂ ಆಳಿಗೂ ಗುರುತು ಸಿಗದು, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಪತಿಯನ್ನು ಕಳೆದುಕೊಂಡ ತಾಯಿಯೋ ಅಕ್ಕನೋ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಾಳೆ. ಹೋಳಿಗೆಗೆ ಹೂರಣವನ್ನು ರುಬ್ಬಿದವಳು ಆಕೆ. ಓಕುಳಿಗೆ ಅರಿಸಿನವನ್ನು ಕುಟ್ಟಿದವಳೂ ಆಕೆ. ಬಣ್ಣ ಮಾತ್ರ ಆಕೆಗೆ ಸಲ್ಲದು!

ಇದು ಹಬ್ಬದ ಕಥೆಗೇ ವಿರುದ್ಧವಾದುದು. ತಾರಕಾಸುರನ ಬಾಧೆಯಿಂದ ಬಳಲಿದ ದೇವತೆಗಳ ಕಾರ್ಯಕ್ಕಾಗಿ ಹೊರಟ ಮನ್ಮಥನು ಶಿವನ ಹಣೆಗಣ್ಣಿನ ಉರಿಯಲ್ಲಿ ಭಸ್ಮವಾದನು. ಆಗ ಅತ್ತವಳು ರತಿದೇವಿ. ಕಾಳಿದಾಸನು ತನ್ನ ಕುಮಾರಸಂಭವದಲ್ಲಿ ಆಕೆಯ ಅಳಲಿಗೆ ನಾಲ್ಕನೆಯ ಸರ್ಗವನ್ನೇ ಮೀಸಲಿಟ್ಟನು. ಪ್ರಾಣವನ್ನು ತೊರೆಯಹೊರಟ ಅವಳಿಗೆ ಆಕಾಶವಾಣಿಯು ಪುನರ್ಮಿಲನದ ಭರವಸೆಯನ್ನಿತ್ತಿತು. ಎಂದರೆ ನಾವು ಕಾಮಣ್ಣನನ್ನು ಸುಡುವ ಈ ಹಬ್ಬದ ನಡುವೆ ಪತಿಯನ್ನು ಕಳೆದುಕೊಂಡ ಹೆಣ್ಣೊಬ್ಬಳ ಕಣ್ಣೀರಿದೆ. ಆ ಕಣ್ಣೀರನ್ನು ಒರೆಸಿದ ಮಾತೂ ಇದೆ. ರತಿಯ ದುಃಖಕ್ಕೆ ಮರುಗುವ ನಾವು ಮನೆಯ ರತಿಯನ್ನು ಮರೆಯುವುದು ನ್ಯಾಯವೆ?

ಕಾಲವು ನಿಂತಿಲ್ಲವೆಂಬುದು ಸಮಾಧಾನದ ಸಂಗತಿ. ಬಿಳಿಯ ಸೀರೆಯುಟ್ಟು ಆಶ್ರಮಗಳಲ್ಲಿ ದಿನ ಕಳೆಯುತ್ತಿದ್ದ ವೃಂದಾವನದ ವಿಧವೆಯರು 2013ರಲ್ಲಿ ಸುಲಭ ಸಂಸ್ಥೆಯ ನೆರವಿನಿಂದ ಒಟ್ಟುಗೂಡಿ ಹೋಳಿಯಾಡಿದರು. 2016ರಲ್ಲಿ ಅಲ್ಲಿಯ ಗೋಪೀನಾಥ ದೇವಾಲಯದ ಅಂಗಳದಲ್ಲಿಯೇ ಅವರ ಹೋಳಿ ನಡೆಯಿತು. ಇನ್ನು ನಮಗೆ ಸಮೀಪದ ಮಾತು: ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮವು 2022ರ ಮೇ 4ರಂದು ಒಂದು ಠರಾವನ್ನು ಅಂಗೀಕರಿಸಿತು. ಪತಿಯು ತೀರಿಕೊಂಡಾಗ ಹೆಂಡತಿಯ ಕುಂಕುಮವನ್ನು ಅಳಿಸುವುದು, ಬಳೆಗಳನ್ನು ಒಡೆಯುವುದು ಮುಂತಾದ ಪದ್ಧತಿಗಳನ್ನು ಆ ಗ್ರಾಮವು ನಿಲ್ಲಿಸಿತು. ಸಮಾಜ ಸುಧಾರಕರಾದ ಶಾಹೂ ಮಹಾರಾಜರು 1922ರಲ್ಲಿ ತೀರಿಕೊಂಡು ಆಗ ಸರಿಯಾಗಿ ನೂರು ವರ್ಷ ತುಂಬುತ್ತಿತ್ತು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರವು ಇತರ ಗ್ರಾಮಪಂಚಾಯತಿಗಳೂ ಈ ಮಾದರಿಯನ್ನು ಅನುಸರಿಸಬೇಕೆಂದು ಸುತ್ತೋಲೆಯನ್ನು ಹೊರಡಿಸಿತು. ಒಂದು ಹಳ್ಳಿಯ ಜನರು ಕುಳಿತು ಯೋಚಿಸಿದುದರ ಫಲವಿದು.

ಠರಾವು ಊರಿನದಾದರೂ ಅದರ ಆಚರಣೆ ಮನೆಯಲ್ಲಿ ಆರಂಭವಾಗಬೇಕು. ಬಲವಂತದಿಂದ ಬಣ್ಣವೆರಚುವುದು ಸಲ್ಲದು. ಅದು ಹಬ್ಬವಲ್ಲ, ಹಿಂಸೆ. ತಲೆತಲಾಂತರದ ಅಂಜಿಕೆ ಒಂದು ದಿನದಲ್ಲಿ ಹೋಗುವಂತಹುದಲ್ಲ. ಬರುವ ರಂಗಪಂಚಮಿಯಂದು ಮಕ್ಕಳ ಕೈಗೆ ಮುತ್ತುಗದ ನೀರನ್ನು ಕೊಟ್ಟು, ಮೊದಲು ಅಜ್ಜಿಯ ಬಳಿಗೆ, ಅತ್ತೆಯ ಬಳಿಗೆ ಕಳುಹಿಸೋಣ. ಹಚ್ಚಲೇ ಎಂದು ಅವರು ಕೇಳಲಿ. ಆಕೆ ಬೇಡವೆಂದರೆ ಆ ಮಾತಿಗೂ ಗೌರವವಿರಲಿ. ಹೂಂ ಎಂದರೆ ಮನೆಯ ಹಿರಿಯರು ಯಾರೂ ಹುಬ್ಬು ಗಂಟಿಕ್ಕದಿರಲಿ. ಕೇಳುವವರೇ ಇಲ್ಲದೆ ಎಷ್ಟೋ ವಸಂತಗಳನ್ನು ಕಳೆದವರಿಗೆ ಆ ಒಂದು ಪ್ರಶ್ನೆಯೇ ಹಬ್ಬವಾದೀತು.