ತೆರೆಯದ ಬಾಗಿಲು

ಮನೆಗೆ ಬೀಗ, ಪೆಟ್ಟಿಗೆಗೆ ಬೀಗ, ಕಣಜಕ್ಕೆ ಬೀಗ. ತನ್ನದೆಂಬುದನ್ನು ಕಾಪಾಡಿಕೊಳ್ಳಬೇಕೆಂಬ ಆಸೆ ಮಾನವನಲ್ಲಿ ಹುಟ್ಟಿದಂದಿನಿಂದಲೂ ಬೀಗವು ಅವನ ಸಂಗಾತಿಯಾಗಿದೆ. ಬಹುಕಾಲದವರೆಗೆ ಬೀಗಕ್ಕೂ ಬೀಗದ ಕೈಗೂ ನಡುವೆ ಮುಟ್ಟಿ ಆಡುವ ಸಂಬಂಧವಿದ್ದಿತು. ಕೈಯ ಹಲ್ಲುಗಳು ಬೀಗದೊಳಗಿನ ತಡೆಗಳಿಗೆ ಹೊಂದಿಕೊಂಡಾಗ ಮಾತ್ರ ಅದು ತೆರೆಯುತ್ತಿತ್ತು. ಇಂದಿನ ಕಾರುಗಳಲ್ಲಿ ಈ ಸಂಬಂಧ ಬದಲಾಗಿದೆ. ಹತ್ತು ಮಾರು ದೂರದಲ್ಲಿ ನಿಂತು ಅಂಗೈಯಲ್ಲಿರುವ ಪುಟ್ಟ ಗುಂಡಿಯನ್ನು ಒತ್ತಿದರೆ ಸಾಕು. ದೀಪಗಳು ಮಿನುಗುತ್ತವೆ, ಎಲ್ಲ ಬಾಗಿಲುಗಳ ಬೀಗಗಳೂ ಒಮ್ಮೆಲೇ ಸಡಿಲುತ್ತವೆ. ಆದರೆ ಎಷ್ಟು ಒತ್ತಿದರೂ ಬಾಗಿಲು ಮಿಸುಕದಿದ್ದರೆ? ನಿನ್ನೆ ತೆರೆದು, ಇಂದು ಮುನಿದು, ನಾಳೆ ಮತ್ತೆ ತೆರೆದರೆ? ಪೂರ್ತಿಯಾಗಿ ಕೆಟ್ಟ ಉಪಕರಣಕ್ಕಿಂತ ಆಗಾಗ ಕೆಡುವ ಉಪಕರಣವೇ ಮನುಷ್ಯನನ್ನು ಹೆಚ್ಚು ಕಾಡುತ್ತದೆ.

ಇದರ ಕಾರಣವನ್ನು ತಿಳಿಯಬೇಕಾದರೆ ಆ ಬೀಗವು ಕೆಲಸ ಮಾಡುವ ಬಗೆಯನ್ನು ಮೊದಲು ಅರಿಯಬೇಕು. ಕಣ್ಣಿಗೆ ಕಾಣದ ವಿದ್ಯುತ್ಕಾಂತೀಯ ಅಲೆಗಳನ್ನು ಜರ್ಮನಿಯ ವಿಜ್ಞಾನಿ ಹರ್ಟ್ಸ್ 1887–88ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಕೆಲವೇ ವರ್ಷಗಳ ಅನಂತರ, 1890ರ ದಶಕದ ಮಧ್ಯಭಾಗದಲ್ಲಿ, ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥ ಅಲೆಗಳು ಗೋಡೆಯನ್ನು ದಾಟಿ ದೂರದ ಗಂಟೆಯನ್ನು ಬಾರಿಸುವಂತೆ ಮಾಡಿ ನೆರೆದವರನ್ನು ಬೆರಗುಗೊಳಿಸಿದರು. ಇಂದಿನ ಕಾರಿನ ರಿಮೋಟ್ ಸಹ ಆ ಗಂಟೆಯ ವಂಶಕ್ಕೇ ಸೇರಿದುದು. ದೂರದಿಂದ ಮುಚ್ಚಿ ತೆರೆಯುವ ಬೀಗವನ್ನು ಮೊದಲಿಗೆ ಪಡೆದ ಕಾರುಗಳಲ್ಲಿ ಫ್ರಾನ್ಸಿನ ರೆನೋ ಫ್ಯೂಗೊ ಒಂದು. ಅದು 1980ರ ದಶಕದ ಆರಂಭದ ಮಾತು. ಬಳಿಕ ರೇಡಿಯೊ ಅಲೆಯನ್ನು ಬಳಸುವ ಬೀಗಗಳು ಎಲ್ಲೆಡೆ ರೂಢಿಗೆ ಬಂದವು.

ರಿಮೋಟಿನೊಳಗೆ ಕಾಸಿನಾಕಾರದ ಒಂದು ಸಣ್ಣ ವಿದ್ಯುತ್ಕೋಶವಿರುತ್ತದೆ. ಅನೇಕ ರಿಮೋಟುಗಳಲ್ಲಿ ಅದು 20 ಮಿಲಿಮೀಟರ್ ವ್ಯಾಸದ, 3 ವೋಲ್ಟಿನ ಲಿಥಿಯಂ ಕೋಶ. ಗುಂಡಿಯನ್ನು ಒತ್ತಿದೊಡನೆ ಪ್ರೇಷಕವು ಗುಪ್ತ ಸಂಖ್ಯೆಯೊಂದನ್ನು ರೇಡಿಯೊ ಅಲೆಯ ಮೂಲಕ ಕಳುಹಿಸುತ್ತದೆ. ಈ ಅಲೆಯ ಆವೃತ್ತಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್. ಎಂದರೆ ಸೆಕೆಂಡಿಗೆ ಸುಮಾರು 43 ಕೋಟಿ ಕಂಪನಗಳು. ಕಾರಿನಲ್ಲಿರುವ ಗ್ರಾಹಕವು ಅದನ್ನು ಕೇಳಿ, ತನ್ನ ಕಾರಿನದೇ ಹೌದೆಂದು ಖಚಿತಪಡಿಸಿಕೊಂಡು, ಬಾಗಿಲುಗಳಲ್ಲಿರುವ ಚಿಕ್ಕ ಮೋಟಾರುಗಳಿಗೆ ವಿದ್ಯುತ್ತನ್ನು ಹರಿಸುತ್ತದೆ. ಆ ಮೋಟಾರುಗಳೇ ಬೀಗದ ಅಗುಳಿಯನ್ನು ಎಳೆಯುತ್ತವೆ.

ಇಲ್ಲೊಂದು ಜಾಣ್ಮೆಯುಂಟು. ಒಂದೇ ಸಂಖ್ಯೆಯನ್ನು ಪ್ರತಿ ಸಲವೂ ಕಳುಹಿಸಿದರೆ ಕಳ್ಳನು ಅದನ್ನು ಹಿಡಿದಿಟ್ಟುಕೊಂಡು ಮತ್ತೆ ನುಡಿಸಬಹುದು. ಆದುದರಿಂದ ಒತ್ತಿದಾಗಲೆಲ್ಲ ಸಂಖ್ಯೆ ಬದಲಾಗುತ್ತದೆ. ಮುಂದಿನ ಸಂಖ್ಯೆ ಯಾವುದೆಂಬುದು ರಿಮೋಟಿಗೂ ಕಾರಿಗೂ ಮಾತ್ರ ಗೊತ್ತು. ಒಮ್ಮೊಮ್ಮೆ ಮನೆಯಲ್ಲಿ ಮಗುವೊಂದು ರಿಮೋಟನ್ನು ಆಟಿಕೆಯಾಗಿ ಹಿಡಿದು ನೂರಾರು ಸಲ ಒತ್ತಿಬಿಡುತ್ತದೆ. ಆಗ ರಿಮೋಟಿನ ಲೆಕ್ಕ ಬಹಳ ಮುಂದೆ ಸಾಗಿ, ಕಾರಿನ ಲೆಕ್ಕ ಹಿಂದೆ ಉಳಿಯುತ್ತದೆ. ಇಂಥ ಸಂದರ್ಭಗಳಲ್ಲಿ ಕಾರಿನೊಡನೆ ಬಂದ ಕೈಪಿಡಿಯಲ್ಲಿರುವ ಕ್ರಮದಂತೆ ಎರಡನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಹೀಗೆ ಕೋಶ, ಪ್ರೇಷಕ, ಅಲೆ, ಗ್ರಾಹಕ, ತಂತಿ, ಮೋಟಾರು ಇವೆಲ್ಲ ಒಂದು ಸರಪಳಿಯ ಕೊಂಡಿಗಳು. ಯಾವ ಕೊಂಡಿ ಕಳಚಿದರೂ ಫಲ ಒಂದೇ: ಬಾಗಿಲು ತೆರೆಯದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಂತೆ, ಕೆಟ್ಟ ಕೊಂಡಿ ಯಾವುದೆಂದು ಅರಿಯದೆ ಎಲ್ಲವನ್ನೂ ಬದಲಾಯಿಸಹೊರಟವನು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾನೆ. ವಿವೇಕಿಯಾದವನು ಪ್ರಶ್ನೆಗಳನ್ನು ಕೇಳುತ್ತಾನೆ. ಹತ್ತಿರದಿಂದ ತೆರೆದು ದೂರದಿಂದ ತೆರೆಯದಿದ್ದರೆ ಕೋಶವು ದುರ್ಬಲವಾಗಿರುವ ಸಂಭವ ಹೆಚ್ಚು. ಮನೆಯಲ್ಲಿರುವ ಎರಡನೆಯ ರಿಮೋಟ್ ಸರಿಯಾಗಿ ಕೆಲಸ ಮಾಡಿದರೆ ದೋಷ ಮೊದಲನೆಯ ರಿಮೋಟಿನದು. ಎರಡೂ ಸೋತರೂ ಕಾರಿನೊಳಗಿನ ಗುಂಡಿಯಿಂದ ಬೀಗಗಳು ಚಲಿಸಿದರೆ ಗ್ರಾಹಕವನ್ನು ಪರೀಕ್ಷಿಸಬೇಕು. ಒಳಗಿನ ಗುಂಡಿಗೂ ಯಾವ ಬಾಗಿಲೂ ಓಗೊಡದಿದ್ದರೆ ಫ್ಯೂಸು ಅಥವಾ ಕಾರಿನ ಬ್ಯಾಟರಿಯನ್ನು ನೋಡಬೇಕು. ಯಾವುದೋ ಒಂದು ಸ್ಥಳದಲ್ಲಿ ಮಾತ್ರ ತೊಂದರೆಯಾದರೆ ಅಲ್ಲಿ ಅದೇ ಆವೃತ್ತಿಯ ಬೇರೊಂದು ಅಲೆ ಅಡ್ಡಬರುತ್ತಿರಬಹುದು. ಎಂಜಿನ್ ಚಾಲೂ ಆಯಿತೆಂದ ಮಾತ್ರಕ್ಕೆ ರಿಮೋಟಿನ ಕೋಶ ಚೆನ್ನಾಗಿದೆಯೆಂದು ತಿಳಿಯಲಾಗದು. ಅನೇಕ ಕಾರುಗಳಲ್ಲಿ ಎಂಜಿನ್ನಿಗೆ ಅನುಮತಿ ನೀಡುವ ಸಣ್ಣ ಚಿಪ್ಪು ಕೋಶದ ಹಂಗಿಲ್ಲದೆ, ಕಾರಿನಿಂದಲೇ ಶಕ್ತಿಯನ್ನು ಪಡೆಯುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಕುಟುಂಬದವರು ಜಾತ್ರೆಗೆ ಹೋಗಿ, ಕಾರಿಗೆ ಬೀಗ ಬಿದ್ದಿತೆಂದು ನಂಬಿ, ತೇರನ್ನು ನೋಡಿ ಮರಳಿದರು. ಚಾಲಕನ ಕಡೆಯ ಬಾಗಿಲು ತೆರೆದೇ ಇದ್ದಿತು. ಒಳಗಿದ್ದ ಚೀಲ ಮಾಯವಾಗಿದ್ದಿತು. ಮನೆಯ ಯಜಮಾನನು ರಿಮೋಟನ್ನು ಶಪಿಸಿ ಎರಡು ಸಲ ಕೋಶವನ್ನು ಬದಲಾಯಿಸಿದನು. ಬಾಗಿಲು ನಾಲ್ಕು ದಿನ ಸರಿಯಿದ್ದು ಮತ್ತೆ ಹಟ ಹಿಡಿಯಿತು. ಹೊಸ ರಿಮೋಟನ್ನೇ ಕೊಳ್ಳಬೇಕೆಂದು ಅವನು ನಿರ್ಧರಿಸಿದಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು, “ಅಪ್ಪಾ, ಒಂದು ವಾರ ತಾಳಿ, ಬರೆದಿಟ್ಟು ನೋಡೋಣ” ಎಂದಳು. ಯಾವ ಹೊತ್ತಿನಲ್ಲಿ, ಯಾವ ರಿಮೋಟಿನಿಂದ, ಎಷ್ಟು ದೂರದಿಂದ, ಯಾವ ಬಾಗಿಲು ಎಂದು ಹಳೆಯ ಪುಸ್ತಕವೊಂದರಲ್ಲಿ ಗೆರೆ ಎಳೆದು ಗುರುತಿಸತೊಡಗಿದಳು. ವಾರ ಕಳೆಯುವಷ್ಟರಲ್ಲಿ ಸತ್ಯವು ತಾನಾಗಿಯೇ ಹೊರಬಿದ್ದಿತು. ಉಳಿದ ಮೂರು ಬಾಗಿಲುಗಳು ಒಮ್ಮೆಯೂ ತಪ್ಪಿರಲಿಲ್ಲ. ಚಾಲಕನ ಬಾಗಿಲು ಮಾತ್ರ ಎರಡು ರಿಮೋಟುಗಳಿಗೂ, ಒಳಗಿನ ಗುಂಡಿಗೂ ಸಮನಾಗಿ ಮುನಿಯುತ್ತಿತ್ತು. ಹಾಗಿದ್ದ ಮೇಲೆ ರಿಮೋಟು ನಿರಪರಾಧಿ! ಬಾಗಿಲಿಗೂ ಕಾರಿನ ಒಡಲಿಗೂ ನಡುವೆ ರಬ್ಬರು ಕೊಳವೆಯೊಳಗೆ ತಂತಿಗಳು ಹಾದುಹೋಗುತ್ತವೆ. ಎಲ್ಲ ಬಾಗಿಲುಗಳಿಗಿಂತ ಚಾಲಕನ ಬಾಗಿಲೇ ಹೆಚ್ಚು ಸಲ ತೆರೆದು ಮುಚ್ಚುವುದರಿಂದ ಅಲ್ಲಿನ ತಂತಿಯೊಂದು ಬಾಗಿ ಬಾಗಿ ತುಂಡಾಗಿದ್ದಿತು. ತುಂಡಾದ ತುದಿಗಳು ಒಮ್ಮೆ ತಾಗುತ್ತಿದ್ದವು, ಒಮ್ಮೆ ತಾಗುತ್ತಿರಲಿಲ್ಲ. ಮೆಕ್ಯಾನಿಕ್ ಅದನ್ನು ಅರ್ಧ ಗಂಟೆಯಲ್ಲಿ ಜೋಡಿಸಿಕೊಟ್ಟನು. ಕಳೆದ ಚೀಲ ಮರಳಿ ಬರಲಿಲ್ಲ; ಆದರೆ ಮತ್ತೊಂದು ನಷ್ಟ ತಪ್ಪಿತು.

ಈ ಬೀಗದ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯಕ. ಅಡ್ಡ ಅಲೆಯನ್ನು ಹರಡಿ ಬೀಗ ಬೀಳದಂತೆ ಮಾಡುವ ಕಳ್ಳರೂ ಉಂಟು. ಆದುದರಿಂದ ಗುಂಡಿ ಒತ್ತಿದ ಮೇಲೆ ಹಿಡಿಯನ್ನು ಒಮ್ಮೆ ಎಳೆದು ನೋಡುವುದು ಲೇಸು. ರಿಮೋಟು ಸತ್ತರೂ ದಾರಿಯುಂಟು: ಬಹಳಷ್ಟು ರಿಮೋಟುಗಳಲ್ಲಿ ಲೋಹದ ಬೀಗದ ಕೈಯೊಂದು ಅಡಗಿರುತ್ತದೆ. ಅದನ್ನು ಅರಿಯದೆ ಬಿಸಿಲಲ್ಲಿ ನಿಂತವನ ಸ್ಥಿತಿ, ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವನ ಸ್ಥಿತಿಯೇ ಸರಿ. ತೆಗೆದಿಟ್ಟ ಹಳೆಯ ಕೋಶ ಮಕ್ಕಳ ಕೈಗೆ ಸಿಗಬಾರದು. ಮಗು ಅದನ್ನು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಒಡನೆಯೇ ಆಸ್ಪತ್ರೆಗೆ ಕೊಂಡೊಯ್ಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನ ಒಳಗಿನ ತಾಪ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಹುದು. ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ಬಹುಬೇಗ ಕಾಯುತ್ತದೆ. ನಿಂತ ಕಾರಿನಲ್ಲಿ ಆಟವಾಡಲು ಹೊಕ್ಕ ಮಕ್ಕಳು ಹೊರಬರಲಾಗದೆ ಅಸುನೀಗಿದ ದುರಂತಗಳು ನಮ್ಮ ದೇಶದಲ್ಲಿಯೂ ನಡೆದಿವೆ. ಆದುದರಿಂದ ಯಾವ ಕಾರಣಕ್ಕೂ ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬಾರದು. ಮಗು ಒಳಗೆ ಸಿಕ್ಕಿಕೊಂಡು ಬಾಗಿಲು ತೆರೆಯದಿದ್ದರೆ ರಿಮೋಟಿನ ದೋಷವನ್ನು ಹುಡುಕುತ್ತ ನಿಲ್ಲದೆ, ಮಗುವಿನಿಂದ ದೂರವಿರುವ ಕಿಟಕಿಯ ಗಾಜನ್ನು ಒಡೆದು ಅದನ್ನು ಹೊರತೆಗೆಯಬೇಕು. ಗಾಜಿಗೆ ಬೆಲೆಯುಂಟು, ಜೀವಕ್ಕೆ ಬೆಲೆ ಕಟ್ಟುವವರಾರು?

ಯಂತ್ರಗಳು ಮಾನವನಂತೆ ಸುಳ್ಳು ಹೇಳುವುದಿಲ್ಲ. ಕೇಳುವ ರೀತಿಯಲ್ಲಿ ಕೇಳಿದರೆ ತಮ್ಮ ನೋವನ್ನು ತಾವೇ ತಿಳಿಸುತ್ತವೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಕಂಡುದನ್ನು ಬರೆದಿಟ್ಟು, ಸಾಕ್ಷ್ಯವಿಲ್ಲದೆ ಯಾರ ಮೇಲೂ ತಪ್ಪು ಹೊರಿಸದಿರುವುದೇ ವಿಜ್ಞಾನದ ಮಾರ್ಗ. ಕಾರಿನ ಬಾಗಿಲಿನಿಂದ ಕಲಿತ ಈ ಪಾಠವು ಬಾಳಿನ ಅನೇಕ ಮುಚ್ಚಿದ ಬಾಗಿಲುಗಳಿಗೂ ಸಲ್ಲುತ್ತದೆ.